ಎಡಗೈಯ ಬಿ, ಬಲಗೈಯ ಡಿ

ನಾನು ಇಂಗ್ಲಿಷ್ ಶಿಕ್ಷಕಿಯಾದದ್ದು ಇಂಗ್ಲಿಷ್ ಬರುತ್ತಿತ್ತೆಂದಲ್ಲ, ಬೇಡ ಎನ್ನಲು ಬಾಯಿ ಬರಲಿಲ್ಲವೆಂದು. ಜೋಯಿಡಾ ಕಡೆಯ ಕಾಡಿನೊಳಗಿನ ಶಾಲೆ. ವರ್ಷದ ಆರಂಭದಲ್ಲಿ ಯಾರಿಗೆ ಯಾವ ವಿಷಯ ಎಂದು ಹಂಚಿಕೊಳ್ಳಲು ಕುಳಿತೆವು. ಒಬ್ಬರು ತಮಗೆ ಗಂಟಲು ನೋವು ಎಂದರು. ಇನ್ನೊಬ್ಬರು ತಮ್ಮ ಜಾತಕದಲ್ಲೇ ಇಂಗ್ಲಿಷ್ ಇಲ್ಲ ಎಂದರು. ನಾನು ಸೆರಗಿನ ತುದಿ ನೋಡುತ್ತ ಕುಳಿತಿದ್ದೆ. "ಅಕ್ಕೋರು ಏನೂ ಅನ್ನಲಿಲ್ಲ. ಅಂದ್ರ ಅವರದು ಒಪ್ಪಿಗಿ ಐತಿ," ಎಂದು ಹಿರಿಯ ಮಾಸ್ತರು ನನ್ನ ಹೆಸರಿನ ಮುಂದೆ ಬರೆದೇಬಿಟ್ಟರು. ಆ ದಿನ ಬಾಯಿ ಬಿಡದ ತಪ್ಪಿಗೆ ನಿವೃತ್ತಿಯವರೆಗೂ ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕಾಯಿತು.

ಮೊಮ್ಮಗಳೇ ಶ್ರೇಯಾ, ಮುಂಡಗೋಡದ ಶಾಲೆಗೆ ನಿನ್ನ ನೇಮಕವಾದ ದಿನ ಫೋನಿನಲ್ಲಿ "ಆಯಿ, ನೀ ಹೆಂಗ ಕಲಸ್ತಿದ್ದಿ ಹೇಳು" ಎಂದು ಕೇಳಿದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಸಮರ್ಥನೂ ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಶಾಲುಗಳು ಬೀರುವಿನಲ್ಲಿವೆ, ಚಳಿಗಾಲದಲ್ಲಿ ತೆಗೆದುಕೊಳ್ಳಿ.

ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮಾಸ್ತರು ಒಳ್ಳೆಯವರು. ಉಚ್ಚಾರ ಹೇಗೆ ಎಂದು ಕೇಳಿದರೆ "ಅದು ಪುಸ್ತಕದಾಗ ಇಲ್ಲ" ಎನ್ನುತ್ತಿದ್ದರು. ಆ ವಿದ್ಯೆಯನ್ನೇ ಹೊತ್ತುಕೊಂಡು ಜೋಯಿಡಾದಲ್ಲಿ ಮೊದಲ ಪಾಠ ಮಾಡಿದೆ. ದೇವರು ಒಳ್ಳೆಯವನು ಎಂಬ ಅರ್ಥದ ಒಂದು ವಾಕ್ಯ. ಅದನ್ನು "ಗೋಡ್ ಈಸ್ ಗೂಡ್" ಎಂದು ಗಟ್ಟಿಯಾಗಿ ಓದಿಸಿ, ಇದರ ಚಿತ್ರ ಬರೆಯಿರಿ ಎಂದೆ. ಮಕ್ಕಳೆಲ್ಲ ಮನೆಯಲ್ಲಿ ಕೊಂಕಣಿ ಆಡುವವರು. ಕೊಂಕಣಿಯಲ್ಲಿ ಗೋಡ ಎಂದರೆ ಸಿಹಿ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಗೂಡು ಎಂದರೆ ಗೂಡು. ಇಡೀ ತರಗತಿ ಜೇನುಗೂಡು ಬರೆದು ತಂದಿತು. ಒಬ್ಬಳು ಹುಳಗಳನ್ನೂ ಬಿಡಿಸಿದ್ದಳು. ನಾನು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಅವರ ಇಂಗ್ಲಿಷ್ ತಪ್ಪಾಗಿದ್ದರೂ ಯೋಚನೆಯಲ್ಲಿ ತಪ್ಪಿರಲಿಲ್ಲ.

ಆಮೇಲೆ ಉಚ್ಚಾರ ತಿದ್ದಿಕೊಳ್ಳಲು ನಿಮ್ಮ ಅಜ್ಜನ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಅವರು ಗಿರಣಿಯ ಪಾಳಿ ಮುಗಿಸಿ ಉಣ್ಣಲು ಕುಳಿತಾಗ ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಅವರು "ಯಸ್ ಟೀಚರ್" ಎಂದು ರೊಟ್ಟಿಗೆ ಕೈ ಚಾಚುವುದು. ಪ್ರಶ್ನೆ ಯಾವುದಾದರೂ ಉತ್ತರ ಅದೇ. ನನ್ನ ಇಂಗ್ಲಿಷಿಗೆ ನಗದ ಒಬ್ಬರೇ ಮನುಷ್ಯ ಅವರು. ದಾಂಡೇಲಿಯ ಹೈಸ್ಕೂಲಿಗೆ ನಾನು ಬಂದ ಮೇಲೆ ಅವರು ಬಹಳ ದಿನ ಇರಲಿಲ್ಲ. ಈಗ ಹೇಳುವ ತಬಸ್ಸುಮಳನ್ನು ಅವರು ನೋಡಲಿಲ್ಲ.

ದಾಂಡೇಲಿಯ ಆ ಶಾಲೆಯ ಹೆಸರು ಬೇಡ. ಅಲ್ಲಿ ಇಂಗ್ಲಿಷ್ ಓದಿಸುವ ಪದ್ಧತಿ ಭಜನೆಯಂತಿತ್ತು. ನಾನು ಒಂದು ಸಾಲು ಹೇಳುವುದು, ಅವರೆಲ್ಲ ಒಟ್ಟಾಗಿ ಅದನ್ನೇ ಹೇಳುವುದು. ರಸ್ತೆಯಲ್ಲಿ ಹೋಗುವವರು ನಿಂತು ಕೇಳುವಷ್ಟು ಚೆನ್ನಾಗಿ ಕೇಳಿಸುತ್ತಿತ್ತು. ಹೆಡ್ ಮಾಸ್ತರಿಗೆ ಅದೇ ಹೆಮ್ಮೆ. "ಅಕ್ಕೋರ ಕ್ಲಾಸ್ ಆಫೀಸಿಗೆ ಕೇಳಸ್ತೈತಿ," ಎನ್ನುತ್ತಿದ್ದರು. ಓದು ಎಂದರೆ ಕೇಳಿಸುವುದು ಎಂದು ಅವರು ನಂಬಿದ್ದರು. ಆ ಗದ್ದಲದಲ್ಲಿ ಯಾರ ಕಣ್ಣು ಪುಸ್ತಕದ ಮೇಲಿದೆ, ಯಾರದು ಕಿಟಕಿಯ ಮೇಲಿದೆ ಎಂದು ಗೊತ್ತಾಗುತ್ತಿರಲಿಲ್ಲ.

ತಬಸ್ಸುಮ್ ಎಂಟನೆಯ ತರಗತಿಗೆ ಬಂದಾಗ ಆ ಭಜನೆಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ನಾನು ಅರ್ಧ ಸಾಲು ಹೇಳಿದರೆ ಉಳಿದರ್ಧ ಅವಳ ಬಾಯಲ್ಲಿ ಸಿದ್ಧ. ಒಂದು ದಿನ ನನಗೆ ಗಂಟಲು ಕಟ್ಟಿತ್ತು. "ನೀನೇ ಓದವಾ," ಎಂದು ಅವಳನ್ನು ಎಬ್ಬಿಸಿದೆ. ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ತಪ್ಪಿಲ್ಲದೆ ಓದಿದಳು. ತೆರೆದಿದ್ದ ಪುಟ ಮಾತ್ರ ಬೇರೆ ಪಾಠದ್ದು.

ತರಗತಿ ಬಿಟ್ಟ ಮೇಲೆ ಹತ್ತಿರ ಕೂರಿಸಿಕೊಂಡು ಒಂದೊಂದೇ ಪದ ತೋರಿಸಿದೆ. ಒಂದೂ ಬರಲಿಲ್ಲ. ಬಂದದ್ದು ಹಿಂದುಮುಂದಾಗಿ ಬಂತು. ಆನ್ ಎಂದು ಬರೆದಿದ್ದರೆ ನೋ ಎಂದಳು. ಕನ್ನಡವನ್ನೂ ತಡವರಿಸುತ್ತಲೇ ಓದುತ್ತಿದ್ದಳು, ಆದರೆ ಅಲ್ಲಿ ಹೇಗೋ ದಾಟುತ್ತಿದ್ದಳು. ಇಂಗ್ಲಿಷಿನಲ್ಲಿ ಅಕ್ಷರಗಳು ಅವಳಿಗೆ ನಿಲ್ಲುತ್ತಲೇ ಇರಲಿಲ್ಲ. ಹುಡುಗಿಯ ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ಓದಲು ಬಾರದಿದ್ದನ್ನು ಇಷ್ಟು ವರ್ಷ ಮುಚ್ಚಿಡಲು ಎಷ್ಟು ಬುದ್ಧಿ ಬೇಕು ಎಂದು ನಾನು ಆ ಸಂಜೆ ಯೋಚಿಸಿದೆ.

ಈ ವಿಷಯ ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ತಡ, ಎಲ್ಲರ ಬಳಿಯೂ ಕಾರಣ ಸಿದ್ಧವಿತ್ತು. ಹೆಡ್ ಮಾಸ್ತರು "ಸೊಕ್ಕು" ಎಂದರು. ಸಮಾಜ ವಿಷಯದವರು ಮುಂಜಾನೆ ಅವಳು ಅರಬ್ಬಿ ಪಾಠಕ್ಕೆ ಹೋಗುವುದನ್ನು ಹಿಡಿದರು. "ಅಲ್ಲಿ ಬಲದಿಂದ ಎಡಕ್ಕ ಓದ್ತಾರ ನೋಡ್ರಿ. ಅದ ಚಟ ಇಲ್ಲೀ ತನಕ ಬಂದೈತಿ." ಅದೇ ಪಾಠಕ್ಕೆ ಹೋಗುವ ಅವಳ ಓಣಿಯ ಗೆಳತಿ ತರಗತಿಗೆ ಮೊದಲಿಗಳು ಎಂದು ನಾನು ನೆನಪಿಸಿದೆ. "ಅಕಿ ಚಲೋ ಹುಡುಗಿ, ಅದರ ಮಾತು ಬ್ಯಾರೆ," ಎಂದರು. ಅವಳ ತಂದೆ ಬಾಬಾಜಾನ, ಬಸ್ ನಿಲ್ದಾಣದ ಹತ್ತಿರ ಮೋಟಾರ್ ಸೈಕಲ್ ರಿಪೇರಿ ಮಾಡುವವರು, ಒಂದು ಕನ್ನಡಕ ಕೊಡಿಸಿಬಿಟ್ಟರು. ಅಕ್ಷರಗಳು ಮೊದಲು ಸಣ್ಣದಾಗಿ ಹಿಂದುಮುಂದಾಗುತ್ತಿದ್ದವು, ಈಗ ದೊಡ್ಡದಾಗಿ ಹಿಂದುಮುಂದಾದವು.

ಅದೇ ವರ್ಷ ಹಳಿಯಾಳದಲ್ಲಿ ನಮಗೊಂದು ತರಬೇತಿ ನಡೆಯಿತು. ತರಬೇತಿ ಹೇಗಿರುತ್ತದೆಂದು ನಿನಗಿನ್ನೂ ಗೊತ್ತಿಲ್ಲ ಶ್ರೇಯಾ. ಮೊದಲು ಹಾಡು, ಆಮೇಲೆ ಗುಂಪು ಮಾಡುವುದು, ಗುಂಪಿಗೆ ನದಿಯ ಹೆಸರಿಡುವುದು, ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೂ ಬಿಡಿಸುವುದು, ಪೂರಿ ತಿನ್ನುವುದು. ಊಟದ ನಂತರ ನಿದ್ದೆಗೆ ಜಾರುವ ಹೊತ್ತಿಗೆ ದೂರದಿಂದ ಬಂದ ಎಳೆಯ ಮೇಡಂ ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಡಿಸ್ಲೆಕ್ಸಿಯಾ ಎಂಬ ಪದ ಹೇಳಿದರು. ಕಣ್ಣು ಕಿವಿ ಬುದ್ಧಿ ಎಲ್ಲ ಸರಿಯಿದ್ದೂ ಅಕ್ಷರ ಓದುವುದು ಕೆಲವು ಮಕ್ಕಳಿಗೆ ಬಹಳ ಕಷ್ಟವಾಗುತ್ತದೆ, ಅದು ಸೋಮಾರಿತನವಲ್ಲ ಎಂದರು. ನಾನು ನೆಟ್ಟಗೆ ಕುಳಿತೆ. ಅವರು ತಬಸ್ಸುಮಳನ್ನು ನೋಡಿ ಬಂದವರಂತೆ ಮಾತಾಡುತ್ತಿದ್ದರು. ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ತುದಿಯವರೆಗೆ ಬಂದು ಎಂದಿನಂತೆ ಹಿಂದಿರುಗಿದವು. ಸಂಜೆ ತರಬೇತಿಯ ಸಾರಾಂಶ ಬರೆದುಕೊಡಿ ಎಂದರು. ನನ್ನ ಪಕ್ಕದವರು "ಡೈಲಾಕ್ಸಿ" ಎಂದು ಬರೆದರು. ಅವರ ಪಕ್ಕದವರು ಅನುಮಾನಪಟ್ಟು "ಡೀಸೆಲ್ ಎಕ್ಸಿಯಾ" ಎಂದರು. ಅದೇ ಸುಲಭವೆನಿಸಿ ಇಡೀ ಸಾಲು ನಕಲು ಮಾಡಿತು.

ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಸಿ ಎಂದು ಮೇಡಂ ಹೇಳಿದ್ದರಿಂದ ಪ್ರತಿ ಶಾಲೆಗೂ ಒಂದು ಮರಳಿನ ತಟ್ಟೆ ಬಂತು. ಬಂದ ದಿನವೇ ಹೆಡ್ ಮಾಸ್ತರು ಅದಕ್ಕೆ ಸುಣ್ಣದಲ್ಲಿ ಸಂಖ್ಯೆ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಕ್ಕಳಿಗೆ ಕೊಡೋಣವೇ ಎಂದೆ. "ಉಸುಕು ಕಡಿಮಿ ಆದ್ರ ಯಾರು ಜವಾಬ್ದಾರಿ?" ಎಂದರು. ಕಾಳಿ ನದಿ ನಮ್ಮ ಊರಿನ ಪಕ್ಕದಲ್ಲೇ ಹರಿಯುತ್ತದೆ.

ಪದ ಮಾತ್ರ ಶಾಲೆಯಲ್ಲಿ ಹಬ್ಬಿತು. ಹೆಡ್ ಮಾಸ್ತರು ಬಾಬಾಜಾನರನ್ನು ಕರೆಸಿ ನನ್ನೆದುರಿಗೇ ಗಂಭೀರವಾಗಿ ಹೇಳಿದರು. "ನೋಡ್ರಿ ಬಾಬಾಜಾನ, ನಿಮ್ಮ ಮಗಳಿಗೆ ಡೀಸೆಲ್ ಐತಿ."

ಬಾಬಾಜಾನ ಗಾಬರಿಯಾದರು. "ಡೀಸೆಲ್ ಎಲ್ಲಿಂದ ಬಂತ್ರಿ ಸರ? ನಾ ಬರೇ ಪೆಟ್ರೋಲ್ ಗಾಡಿ ಮುಟ್ಟಾಂವ. ಅಕಿಗೆ ಗ್ಯಾರೇಜಿಗೂ ಬರಗೊಡಂಗಿಲ್ಲ."

"ಅದಲ್ರಿ. ತಲಿಯೊಳಗ."

"ಯಾ ಅಲ್ಲಾ! ತಲಿಯೊಳಗ ಹೋಗೇತೇನ್ರಿ?"

ಅವರನ್ನು ಹೊರಗೆ ಕರೆದೊಯ್ದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಬಸ್ಸು ಹೋಯಿತು. ಬಾಬಾಜಾನ ಕೊನೆಗೆ ಒಂದೇ ಮಾತು ಕೇಳಿದರು. "ಅಕ್ಕೋರ, ಅಕಿ ಧಾರವಾಡಕ್ಕ ಹೋಗಿ ಚಿತ್ರ ಕಲೀತೀನಿ ಅಂತಾಳ. ಹತ್ತನೇತ್ತಿ ಪಾಸಾಗದ ತಗೊಳ್ಳಂಗಿಲ್ಲಂತ. ಉಳಿದದ್ದೆಲ್ಲಾ ಹೆಂಗರ ಮಾಡ್ತಾಳ. ಈ ಇಂಗ್ಲಿಷ್ ಒಂದು ದಾಟಸ್ತೀರೇನ್ರಿ?"

ನಾನು ಹೂಂ ಎಂದೆ. ನನ್ನ ಹೂಂ ಯಾವಾಗಲೂ ನನ್ನನ್ನು ಹೀಗೆ ಸಿಕ್ಕಿಸುತ್ತದೆ.

ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂರತೊಡಗಿದೆವು. ಸಣ್ಣ ಪದದಿಂದ ಶುರು ಮಾಡೋಣವೆಂದು ಮ್ಯಾನ್ ಎಂದು ಬರೆದೆ. "ಒಂದೊಂದು ಅಕ್ಷರ ಹೇಳಿ ಕೂಡಿಸವಾ."

ಅವಳು ಬೆರಳಿಟ್ಟು ಹೇಳಿದಳು. "ಯಮ್. ಎ. ಯನ್." ಕಣ್ಣು ಮುಚ್ಚಿ ಕೂಡಿಸಿದಳು. "ಯಮೇಯನ್."

"ಯಮ ಎಲ್ಲಿಂದ ಬಂದವಾ ಇದರಾಗ?"

"ನೀವ ಕಲಿಸೀರಲ್ರಿ ಅಕ್ಕೋರ, ಯಮ್ ಅಂತ."

ನಮ್ಮ ಸೀಮೆಯಲ್ಲಿ ಇಂಗ್ಲಿಷ್ ಅಕ್ಷರಗಳು ಹಾಗೆಯೇ: ಯಫ್, ಯಲ್, ಯಮ್, ಯನ್, ಯಸ್. ನನ್ನ ಮಾಸ್ತರೂ ಹಾಗೇ ಹೇಳಿದ್ದರು, ನಾನೂ ಹಾಗೇ ಹೇಳಿದೆ. ಕನ್ನಡದಲ್ಲಿ ಕ ಎಂಬ ಅಕ್ಷರದ ಹೆಸರೂ ಕ, ಸದ್ದೂ ಕ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಒಂದು, ಸದ್ದು ಇನ್ನೊಂದು ಎಂಬ ದೊಡ್ಡ ಗುಟ್ಟನ್ನು ನಮ್ಮಲ್ಲಿ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಉಳಿದ ಮಕ್ಕಳು ಅಕ್ಷರಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಇಡೀ ಪದದ ಮುಖ ನೋಡಿ ಗುರುತು ಹಿಡಿದುಬಿಡುತ್ತಿದ್ದರು. ತಬಸ್ಸುಮಳಿಗೆ ಆ ಮುಖ ನೆನಪು ನಿಲ್ಲುತ್ತಿರಲಿಲ್ಲ. ಆದ್ದರಿಂದ ಅವಳು ನಾವು ಹೇಳಿದ್ದನ್ನೇ ನಂಬಿ ಅಕ್ಷರ ಕೂಡಿಸುತ್ತಿದ್ದಳು. ಬಾಲ್ ಎಂಬ ಪದ ಅವಳ ಬಾಯಲ್ಲಿ "ಬಿಯೇಯಲ್ಯಲ್" ಆಗುತ್ತಿತ್ತು. ಇಡೀ ಶಾಲೆಯಲ್ಲಿ ಶಿಕ್ಷಕರ ಮಾತನ್ನು ಪೂರ್ತಿಯಾಗಿ ನಂಬಿದವಳು ಒಬ್ಬಳೇ, ಅವಳೇ ನಪಾಸು.

ಅಂದಿನಿಂದ ಅಕ್ಷರಗಳ ಹೆಸರನ್ನೇ ಕೈಬಿಟ್ಟೆ. ತುಟಿ ಮುಚ್ಚಿ ಮ್‌ಮ್ ಎನ್ನುವುದು, ಹಲ್ಲಿನ ಸಂದಿಯಿಂದ ಸ್‌ಸ್ ಎನ್ನುವುದು. ಹೊರಗಿನಿಂದ ಕೇಳಿದವರಿಗೆ ಒಳಗೆ ಹಾವು ಬಂದಿದೆಯೆಂದು ಅನಿಸುತ್ತಿತ್ತು. ಜವಾನ ಒಮ್ಮೆ ಕೋಲು ಹಿಡಿದೇ ಬಂದ. ನಿಧಾನವಾಗಿ ಯಮನೂ ಅವನ ಬಳಗದವರೂ ಹೋದರು. ನಾವು ಹೇರಿದ ಹೊರೆ ಇಳಿಯಿತು. ಅವಳದೇ ಆದ ತೊಡಕು ಉಳಿಯಿತು. ಇವತ್ತು ಕಲಿತದ್ದು ನಾಳೆ ಅಪರಿಚಿತ. ಮತ್ತೆ ಅದೇ ಪದ, ಮತ್ತೆ ಅದೇ ಸದ್ದು. ನಿನಗೆ ಇಂಥ ಮಗು ಸಿಕ್ಕರೆ ಶ್ರೇಯಾ, ಅದು ಮರೆತಾಗ ನಿನ್ನ ಮುಖ ಬಾಡಬಾರದು. ಅಕ್ಷರ ಓದಲಾಗದ ಮಕ್ಕಳು ಮುಖವನ್ನು ಬಹಳ ಬೇಗ ಓದುತ್ತಾರೆ.

ಎಲ್ಲಕ್ಕಿಂತ ಕಾಡಿದ್ದು ಬಿ ಮತ್ತು ಡಿ. ಸಣ್ಣಕ್ಷರದಲ್ಲಿ ಎರಡೂ ಒಂದೇ ಸರಕು. ಒಂದು ಕೋಲು, ಅದಕ್ಕೊಂದು ಹೊಟ್ಟೆ. ಹೊಟ್ಟೆ ಬಲಕ್ಕಿದ್ದರೆ ಬಿ, ಎಡಕ್ಕಿದ್ದರೆ ಡಿ. ತಬಸ್ಸುಮ್ ಅವನ್ನು ಬೇರೆ ಎಂದು ಒಪ್ಪಲೇ ಇಲ್ಲ. ನನಗೆ ಕಾರಣ ತಿಳಿದದ್ದು ರಂಜಾನ್ ಹಬ್ಬದ ಮುಂಚೆ. ಅವಳು ಓಣಿಗೆಲ್ಲ ಮೆಹಂದಿ ಹಾಕುವ ಹುಡುಗಿ. ಮೆಹಂದಿಯ ಕೋನು ಕೈಗೆ ಬಂದರೆ ಗೆರೆ ಒಂದು ಕೂದಲೆಳೆ ಆಚೀಚೆ ಹೋಗುತ್ತಿರಲಿಲ್ಲ. ನನ್ನನ್ನೂ ಬಿಡದೆ ಕೂರಿಸಿಕೊಂಡಳು. ಗಂಡ ಹೋದವಳಿಗೆ ಮೆಹಂದಿ ಯಾಕವ್ವಾ ಎಂದರೆ "ಕೈ ಅದಾವಲ್ರಿ" ಎಂದಳು. ನನ್ನ ಎಡಗೈಯಲ್ಲೊಂದು ಮಾವಿನಕಾಯಿ ಬಿಡಿಸಿದಳು, ಬಾಲ ಬಲಕ್ಕೆ. ಬಲಗೈಯಲ್ಲಿ ಇನ್ನೊಂದು, ಬಾಲ ಎಡಕ್ಕೆ.

"ಅಕ್ಕೋರ, ಇವೆರಡೂ ಬ್ಯಾರೆ ಬ್ಯಾರೆ ಏನ್ರಿ?"

"ಅಲ್ಲವಾ, ಎರಡೂ ಮಾವಿನಕಾಯಿ."

"ಮತ್ತ ಇಂಗ್ಲಿಷಿನ್ಯಾವರಿಗೆ ಯಾಕ ಬ್ಯಾರೆ?"

ಅವಳ ಕಸುಬಿನಲ್ಲಿ ಬಲಕ್ಕೆ ತಿರುಗಿದ್ದೂ ಎಡಕ್ಕೆ ತಿರುಗಿದ್ದೂ ಜೋಡಿ. ಹಾಗೆ ತಿರುಗದಿದ್ದರೇ ತಪ್ಪು. ಕೊನೆಗೆ ನಾನೆಂದೆ: "ಹಂಗಾರ ಹಿಂಗ ತಿಳಕೋ. ಇಂಗ್ಲಿಷಿನ್ಯಾವರು ಎಡಗೈ ಮಾವಿನಕಾಯಿಗೆ ಒಂದು ಹೆಸರಿಟ್ಟಾರ, ಬಲಗೈದಕ್ಕ ಇನ್ನೊಂದು. ಎಡಗೈ ಬಿ, ಬಲಗೈ ಡಿ." ಅವಳು ನಕ್ಕಳು. "ಹುಚ್ಚರದಾರ," ಎಂದಳು. ಆದರೆ ಅಂದಿನಿಂದ ಓದುವಾಗ ಗೊಂದಲವಾದರೆ ಎರಡೂ ಅಂಗೈ ನೋಡಿಕೊಳ್ಳತೊಡಗಿದಳು. ಓದು ಆಮೆಯ ವೇಗಕ್ಕೆ ಬಂತು. ಅದಕ್ಕೂ ಮುಂಚೆ ವೇಗವೇ ಇರಲಿಲ್ಲ.

ಹೀಗೆ ಹತ್ತನೆಯ ತರಗತಿಗೆ ಬಂದಳು. ಆ ವರ್ಷ ಹೆಡ್ ಮಾಸ್ತರಿಗೆ ನೂರಕ್ಕೆ ನೂರು ಫಲಿತಾಂಶದ ಹಂಬಲ ಹತ್ತಿತ್ತು. ಫಲಿತಾಂಶ ನೂರು ಮಾಡಲು ಎರಡು ದಾರಿ. ಮಕ್ಕಳಿಗೆ ಕಲಿಸುವುದು ಒಂದು. ಬಾರದ ಮಕ್ಕಳನ್ನು ಶಾಲೆಯಿಂದ ಕಳಿಸುವುದು ಇನ್ನೊಂದು, ಅದು ಬೇಗ ಆಗುತ್ತದೆ. ಬಾಬಾಜಾನರನ್ನು ಮತ್ತೆ ಕರೆಸಿದರು. "ಟಿ.ಸಿ. ತಗೊಂಡು ಹೋಗ್ರಿ. ಮುಂದಿನ ವರ್ಷ ಹೊರಗಿನಿಂದ ಪರೀಕ್ಷಾ ಕಟ್ಟಸ್ರಿ. ಅಕಿ ಒಬ್ಬಾಕಿ ಸಲುವಾಗಿ ಶಾಲಿ ಹೆಸರು ಯಾಕ ಕೆಡಬೇಕು?" ಬಾಬಾಜಾನ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು, "ವಿಚಾರ ಮಾಡ್ತೀನ್ರಿ," ಎಂದು ಹೋದವರು ಪರೀಕ್ಷೆಯ ತನಕ ಆ ಕಡೆ ಸುಳಿಯಲೇ ಇಲ್ಲ. ಕರೆ ಹೋದಾಗಲೆಲ್ಲ "ಗಾಡಿ ಬಿಚ್ಚೀನ್ರಿ, ಕೈ ತುಂಬ ಆಯಿಲ್ ಐತಿ" ಎಂದು ಹೇಳಿ ಕಳಿಸುತ್ತಿದ್ದರು. ಅವರ ಸಹಿಯಿಲ್ಲದೆ ಟಿ.ಸಿ. ಕೊಡಲಾಗಲಿಲ್ಲ.

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ, ವೈದ್ಯರ ಪ್ರಮಾಣಪತ್ರ ಬೇಕು ಎಂದು ತರಬೇತಿಯಲ್ಲಿ ಕೇಳಿದ್ದೆ. ತಬಸ್ಸುಮಳಿಗೆ ಬೇಕಾಗಿದ್ದದ್ದು ಅದೊಂದೇ. ಅವಳು ಓದಬಲ್ಲಳು, ಆದರೆ ಅರ್ಧ ಪ್ರಶ್ನೆಪತ್ರಿಕೆ ಓದುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಪ್ರಮಾಣಪತ್ರಕ್ಕೆಂದು ಅಂಗವಿಕಲರ ತಪಾಸಣೆಯ ಒಂದು ಶಿಬಿರಕ್ಕೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಯಾವ ಕಾಲು?" ಎಂದು ಕೇಳಿದರು. ಕಾಲಲ್ಲ, ಓದು ಎಂದೆ. ಕಣ್ಣಿನವರ ಕಡೆ ಕಳಿಸಿದರು. ಕಣ್ಣು ಚೆನ್ನಾಗಿವೆ, ಈ ಕನ್ನಡಕ ಯಾಕೆ ಎಂದು ಅವರು ಬೈದರು. ಕಿವಿಯವರು ಕಿವಿ ಚೆನ್ನಾಗಿವೆ ಎಂದರು. ಉಳಿದದ್ದು ಮನಸ್ಸಿನ ಡಾಕ್ಟರು. ಅವರು ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ. "ಎಲ್ಲಾ ಚಲೋ ಐತೆಲ್ರಿ, ಖುಷಿ ಪಡ್ರಿ," ಎಂದು ಮೇಜಿನ ಹಿಂದಿನವರು ನಮ್ಮನ್ನು ಕಳಿಸಿಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ತಬಸ್ಸುಮ್ ಕಿಟಕಿಯ ಹೊರಗೆ ನೋಡುತ್ತ, "ಕಾಣೂ ಹಂಗ ಏನರ ಆಗಿದ್ರ ಚಲೋ ಇತ್ತು ಅಲ್ರಿ ಅಕ್ಕೋರ?" ಎಂದಳು.

ಇಂಗ್ಲಿಷ್ ಪರೀಕ್ಷೆಯ ದಿನ ನಾನೂ ಬಾಬಾಜಾನರೂ ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆವು. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ನಕಲು ಹಿಡಿಯುವ ಸ್ಕ್ವಾಡಿನ ಜೀಪು ಒಳಗೆ ಹೋಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಜವಾನ ಓಡಿ ಬಂದ. "ತಬಸ್ಸುಮನ ಅಕ್ಕೋರು ಯಾರ್ರಿ? ಚೀಫ್ ಸರ್ ಕರದಾರ. ಕಾಪಿ ಸಿಕ್ಕೈತಿ."

ಬಾಬಾಜಾನ ಅಲ್ಲೇ ಕಟ್ಟೆಯ ಮೇಲೆ ಕುಸಿದರು. ನಾನು ಜವಾನನ ಹಿಂದೆ ಓಡಿದೆ.

ಒಳಗೆ ಕೇಂದ್ರದ ಮುಖ್ಯಸ್ಥರು ಬೆವರುತ್ತ ನಿಂತಿದ್ದರು. ಅವರ ಪಕ್ಕದಲ್ಲಿ ಸ್ಕ್ವಾಡಿನ ಮೇಡಂ. ನಡುವೆ ತಬಸ್ಸುಮ್, ಎರಡೂ ಅಂಗೈ ಮುಂದೆ ಚಾಚಿ. ಹಿಂದಿನ ದಿನ ಅವಳು ತನ್ನಷ್ಟಕ್ಕೇ ಒಂದು ಕೆಲಸ ಮಾಡಿಕೊಂಡಿದ್ದಳು. ಗಾಬರಿಯಲ್ಲಿ ಯಾವ ಕೈ ಯಾವುದೆಂದು ಮರೆತರೆ ಇರಲಿ ಎಂದು ಎಡ ಅಂಗೈಯಲ್ಲಿ ಸಣ್ಣ ಬಿ, ಬಲ ಅಂಗೈಯಲ್ಲಿ ಸಣ್ಣ ಡಿ, ಸುತ್ತ ಬಳ್ಳಿ ಸಮೇತ ಮೆಹಂದಿಯಲ್ಲಿ ಬಿಡಿಸಿಕೊಂಡು ಬಂದಿದ್ದಳು. ಈಗ ನೆನಪಿಟ್ಟುಕೊಳ್ಳಿ ಮಕ್ಕಳೇ, ಆ ಪತ್ರಿಕೆಯ ಮೊದಲ ಭಾಗದಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದದ್ದನ್ನು ಆರಿಸಿ ಎಂದಿರುತ್ತದೆ. ಎ, ಬಿ, ಸಿ, ಡಿ.

"ಈ ಕೈಯಾಗ ಏನಿದು?" ಮುಖ್ಯಸ್ಥರು ಮತ್ತೊಮ್ಮೆ ಕೇಳಿದರು, ನಾನೂ ಕೇಳಲೆಂದು.

"ಬಿ ರೀ ಸರ."

"ಆ ಕೈಯಾಗ?"

"ಡಿ ರೀ."

"ಯಾವ ಪ್ರಶ್ನೆದ್ದು?"

"ಎಲ್ಲಾ ಪ್ರಶ್ನಿಗೂ ಬೇಕ್ರಿ ಸರ."

ಮುಖ್ಯಸ್ಥರು ಕುರ್ಚಿ ಹಿಡಿದುಕೊಂಡರು. "ಕೇಳಿದ್ರೇನ್ರಿ ಮೇಡಂ? ಎಲ್ಲಾ ಪ್ರಶ್ನಿದೂ ಉತ್ತರದ ಕೀ ಹೊರಗ ಬಿದ್ದೈತಿ! ನನ್ನ ಸೆಂಟರ್‌ನ್ಯಾಗ!" ನನ್ನ ಕಡೆ ತಿರುಗಿದರು. "ಇದನ್ನ ನೀವ ಹೇಳಿಕೊಟ್ಟೀರೇನ್ರಿ?"

ಹೇಳಲು ಎಷ್ಟೊಂದಿತ್ತು. ತರಬೇತಿ, ಮಾವಿನಕಾಯಿ, ಶಿಬಿರ. ನನ್ನ ಬಾಯಿಂದ ಬಂದದ್ದು "ಹೌದ್ರಿ" ಮಾತ್ರ. ಅದು ತಪ್ಪೊಪ್ಪಿಗೆಯಂತೆಯೇ ಕೇಳಿಸಿತು. ಉಳಿದದ್ದನ್ನು ತಬಸ್ಸುಮಳೇ ಹೇಳಿದಳು. "ಸರ, ನಂಗ ಇವೆರಡು ಅಕ್ಷರ ಅದಲಬದಲ ಆಗ್ತಾವ್ರಿ. ಓದೂವಾಗ ನೋಡ್ಕೊಳ್ಳಾಕ ಹಾಕ್ಕೊಂಡೀನಿ. ಉತ್ತರ ಅಲ್ರಿ."

"ಹತ್ತನೇತ್ತಿ ಹುಡುಗಿಗೆ ಬಿ ಡಿ ಗೊತ್ತಾಗಂಗಿಲ್ಲಾ?" ಮುಖ್ಯಸ್ಥರಿಗೆ ಕೀ ಹೊರಬಿದ್ದದ್ದನ್ನು ನಂಬುವುದು ಇದಕ್ಕಿಂತ ಸುಲಭವಾಗಿತ್ತು. ಕೈ ತೊಳೆಸಿದರು. ಸೋಪು ಹಾಕಿಸಿದರು. ಯಾರೋ ಲಿಂಬೆಹಣ್ಣು ತಂದರು. ಮೆಹಂದಿ ಇನ್ನಷ್ಟು ಕೆಂಪಗೆ ಅರಳಿತು. ಮೇಡಂ ಬಾಯಿಗೆ ಸೆರಗು ಹಿಡಿದುಕೊಂಡದ್ದನ್ನು ನಾನು ಕಂಡೆ. ಈ ನಡುವೆ ಸಮಯ ಹೋಗುತ್ತಲೇ ಇತ್ತು. ತಬಸ್ಸುಮ್ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಕಡೆಗೆ ಮುಖ್ಯಸ್ಥರಿಗೆ ಉಪಾಯ ಹೊಳೆಯಿತು. ಪ್ರಥಮ ಚಿಕಿತ್ಸೆಯ ಡಬ್ಬಿ ತರಿಸಿ ಅವಳ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿಸಿದರು, ಬೆರಳು ಮಾತ್ರ ಹೊರಗೆ. ಆಮೇಲೆ ತಮ್ಮ ರಕ್ಷಣೆಗೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, "ಸಹಿ ಮಾಡವಾ, ಹೋಗಿ ಪೇಪರ್ ಬರಿ," ಎಂದರು.

"ಓದಿ ಮಾಡ್ತೀನ್ರಿ," ಎಂದಳು.

"ಟೈಮ್ ಹೊಂಟೈತಿ ನಿಂದ!"

"ಅಕ್ಕೋರು ಹೇಳ್ಯಾರ್ರಿ, ಓದದ ಸಹಿ ಮಾಡಬ್ಯಾಡ ಅಂತ."

ಬ್ಯಾಂಡೇಜಿನ ಬೆರಳಿಟ್ಟು, ತುಟಿಯಲ್ಲೇ ಮ್‌ಮ್ ಸ್‌ಸ್ ಎನ್ನುತ್ತ ಓದತೊಡಗಿದಳು. ಕೋಣೆಯಲ್ಲಿ ಎಲ್ಲರೂ ನಿಂತು ಕಾದರು. ಅವಳ ಅಂಗೈಗಳು ಈಗ ಮುಚ್ಚಿದ್ದವು. ಆ ಕಾಗದದ ತುಂಬ ಕೋಲಿಗೊಂದು ಹೊಟ್ಟೆಯ ಅಕ್ಷರಗಳಿದ್ದವು. ಎರಡನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು. ಎಡಗೈಯನ್ನು ಬ್ಯಾಂಡೇಜಿನೊಳಗೇ ಒಮ್ಮೆ ಮಡಚಿ ಬಿಚ್ಚಿದಳು.

"ಸರ, ಇಲ್ಲಿ ಡ್ಯಾಂಡೇಜ್ ಆಗೇತ್ರಿ."

"ಏನು?"

"ಬ್ಯಾಂಡೇಜ್ ಅಂತ ಆಗಬೇಕಲ್ರಿ? ಅದು ಎಡಗೈದ್ದು. ನೀವು ಗಡಿಬಿಡಿಯೊಳಗ ಬಲಗೈದ್ದು ಬರ್ದೀರಿ."

ಮುಖ್ಯಸ್ಥರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಮೇಡಂ ಈಗ ಸೆರಗನ್ನೂ ಹಿಡಿಯದೆ ನಕ್ಕರು. "ಗಾಬರಿ ಆದ್ರ ನಿಮಗೂ ಅದಲಬದಲ ಆಗ್ತೈತಿ ನೋಡ್ರಿ. ಹುಡುಗಿ ಖರೇ ಹೇಳಾಕತ್ತಾಳ, ಬಿಡ್ರಿ ಅಕಿನ್ನ." ಆಮೇಲೆ ಕಾಗದವನ್ನು ತಾವೂ ಓದಿ, ಮುಖ ಗಂಭೀರ ಮಾಡಿಕೊಂಡರು. "ಕೈಗೆ ಬ್ಯಾಂಡೇಜು ಐತಿ ಅಂತ ನೀವ ಬರದೀರಿ. ಕೈಗೆ ಪೆಟ್ಟಾದವರಿಗೆ ಹೆಚ್ಚಿನ ಟೈಮ್ ಕೊಡಬೇಕಲ್ರಿ?"

"ಪೆಟ್ಟೆಲ್ಲಿ ಆಗೇತ್ರಿ ಮೇಡಂ!"

"ಪೆಟ್ಟಾಗಿಲ್ಲಾಂದ್ರ ಬ್ಯಾಂಡೇಜ್ ಯಾಕ ಸುತ್ತೀರಿ? ಅದನ್ನ ಬರೀರಿ ಹಂಗಾರ."

ಮುಖ್ಯಸ್ಥರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ಮೆಹಂದಿ ಎಂದು ಬರೆದರೆ ಕೀ ಎಲ್ಲಿ ಹೊರಬಿತ್ತೆಂದು ವಿಚಾರಣೆ. ಏನೂ ಬರೆಯದಿದ್ದರೆ ಬ್ಯಾಂಡೇಜು ಎಲ್ಲರ ಕಣ್ಣಿಗೂ ಕಾಣುತ್ತದೆ. ಕೊನೆಗೆ ಹೆಚ್ಚಿನ ಸಮಯ ಕೊಟ್ಟಿದೆ ಎಂದು ಬರೆದರು.

ಗಂಟೆ ಹೊಡೆದು ಎಲ್ಲ ಮಕ್ಕಳೂ ಹೊರಬಂದು, ಉತ್ತರ ತಾಳೆ ನೋಡಿ, ಐಸ್ ಕ್ಯಾಂಡಿ ತಿಂದು ಹೋದ ಮೇಲೂ ನಾವಿಬ್ಬರು ಗೇಟಿನ ಬಳಿ ನಿಂತಿದ್ದೆವು. ಕೊನೆಗೆ ಬಂದ ಮಗಳ ಕೈ ನೋಡಿ ಬಾಬಾಜಾನ ಚೀರಿದರು. "ಮಾರೇ ಕ್ಯಾ ಬೇಟಿ? ಹೊಡದರೇನು?"

"ನಹೀ ಅಬ್ಬಾ," ಎಂದಳು. ನನ್ನ ಕಡೆ ತಿರುಗಿ, "ಕಡೀ ಪ್ರಶ್ನಿ ತನಕ ಓದಿದ್ನಿರಿ ಅಕ್ಕೋರ. ಅಲ್ಲೆ ಏನೈತಿ ಅಂತ ಇವತ್ತ ಗೊತ್ತಾತು."

ತಬಸ್ಸುಮ್ ಪಾಸಾದಳು. ಇಂಗ್ಲಿಷಿನಲ್ಲಿ ಹೊಸ್ತಿಲು ದಾಟುವಷ್ಟೇ ಅಂಕ, ಆದರೆ ದಾಟಿದಳು. ಶಾಲೆಯ ಫಲಿತಾಂಶ ನೂರಕ್ಕೆ ನೂರಾಯಿತು. ಹೆಡ್ ಮಾಸ್ತರು ಪೇಡೆ ತರಿಸಿ, ಟಿ.ಸಿ. ಒಯ್ಯಿರಿ ಎಂದಿದ್ದ ಅದೇ ಕೋಣೆಯಲ್ಲಿ ಬಾಬಾಜಾನರಿಗೆ ಕುರ್ಚಿ ಹಾಕಿಸಿದರು. "ನಾ ಮೊದಲಿಂದ ಹೇಳ್ತಿದ್ದೆ, ಹುಡುಗಿ ಶಾಣ್ಯಾ ಅದಾಳ ಅಂತ. ನಮ್ಮ ಶಾಲಿಯೊಳಗ ಅಕಿ ರೋಗ ವಾಸಿ ಆತು ನೋಡ್ರಿ," ಎಂದು ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು.

"ಹೋಗಿಲ್ರಿ ಸರ," ಎಂದಳು ತಬಸ್ಸುಮ್. "ಅದು ಇನ್ನೂ ಐತಿ. ಆವತ್ತು ನಂಗ ಟೈಮ್ ಸಿಕ್ಕಿತ್ತು, ಅಷ್ಟ."

ಹೆಡ್ ಮಾಸ್ತರು ನಗುತ್ತಲೇ, ಅವಳು ಮುಂದೆ ಮಾತಾಡುವ ಮೊದಲು, ಅವಳ ಬಾಯಿಗೆ ಒಂದು ಪೇಡೆ ಇಟ್ಟರು.